ಬರೀ ಧೂಳು

ಅಥವಾ ಈ ಡಯೋಡುಗಳನ್ನು ಕಾರ್ಖಾನೆಯಲ್ಲೇ ಹೀಗೆ ಹಾಕಿ ಕಳಿಸಿದ್ದಿರಬಹುದೇ? ಇರಲಾರದು. ಕಾರ್ಖಾನೆಯವರು ಹಾಕಿದ್ದರೆ ಎಲ್ಲ ಕೀಗಳಿಗೂ ಹಾಕುತ್ತಿದ್ದರು, ಇಲ್ಲವೇ ಯಾವುದಕ್ಕೂ ಹಾಕುತ್ತಿರಲಿಲ್ಲ. ಎಡಗಡೆ ಒತ್ತೊತ್ತಾಗಿ ನಾಲ್ಕೈದು, ಬಲಗಡೆ ಬಿಡಿಬಿಡಿಯಾಗಿ ಒಂದೆರಡು, ನಡುವೆ ಏನೂ ಇಲ್ಲ. ಹೀಗೆ ಯಾವ ಕಾರ್ಖಾನೆ ಹಾಕುತ್ತದೆ? ಹಾಗಾದರೆ ಯಾರೋ ಕೈಯಾರೆ ಕೂತು ಹಾಕಿದ್ದು. ಯಾರು? ಇಷ್ಟು ಕೀಗಳಿಗೆ ಮಾತ್ರ ಯಾಕೆ?

ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಅದರ ಮೇಲೆ ಹೆಂಡತಿಯ ಕೀಬೋರ್ಡನ್ನು ಬಿಚ್ಚಿ ಬೋರಲು ಮಲಗಿಸಿಕೊಂಡು ಅವನು ಕೂತಿದ್ದ. ಕಿವಿ ಮೆಷಿನ್ ರಿಪೇರಿ ಅವನ ಕಸುಬು. ಮಂದಗಿವಿಯವರು ಕಿವಿಗೆ ಸಿಕ್ಕಿಸಿಕೊಳ್ಳುವ ಮೆಷಿನ್ನಿನ ಹುರುಳಿಕಾಳಿನಷ್ಟು ಸಣ್ಣ ಭಾಗಗಳನ್ನು ಬೆಸುಗೆ ಹಾಕಿ ಹಾಕಿ ಪಳಗಿದ ಕೈ. ಬೇರೆಯವರ ಬೆಸುಗೆ ಕಂಡರೆ ಮೂಗು ಮುರಿಯುವುದು ಅವನಿಗೆ ಅಭ್ಯಾಸವೇ ಆಗಿತ್ತು. ಆದರೆ ಇಲ್ಲಿ ಮೂಗು ಮುರಿಯಲು ಏನೂ ಸಿಗಲಿಲ್ಲ. ತಾಮ್ರದ ಗೆರೆಯನ್ನು ಬ್ಲೇಡಿನಿಂದ ನಾಜೂಕಾಗಿ ಕಡಿದು, ಆ ಕಡಿತದ ಮೇಲೆ ಸೇತುವೆಯಂತೆ ಒಂದೊಂದು ಡಯೋಡ್ ಕೂರಿಸಿದ್ದರು. ಪ್ರತಿ ಬೆಸುಗೆಯೂ ಮಂಜಿನ ಹನಿಯಂತೆ ದುಂಡಗೆ, ಹೊಳೆಯುತ್ತಾ ಕೂತಿತ್ತು. ಡಯೋಡಿನ ಕಾಲುಗಳು ಒಂದಕ್ಕೊಂದು ತಾಗದಿರಲೆಂದು ತೆಳ್ಳನೆಯ ಬಟ್ಟೆಯ ಕೊಳವೆ ಬೇರೆ ತೊಡಿಸಿದ್ದರು. ತಾನಾಗಿದ್ದರೆ ಅದನ್ನು ತೊಡಿಸುತ್ತಿರಲಿಲ್ಲ ಎಂಬುದು ಹೊಳೆದು ಅವನಿಗೆ ಸಣ್ಣಗೆ ಕಸಿವಿಸಿಯಾಯಿತು.

ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಹಳೆ ಹಲ್ಲಿನ ಬಣ್ಣಕ್ಕೆ ತಿರುಗಿದ ಕೀಬೋರ್ಡ್ ಅದು. ಎರಡೂ ಕೈ ಹಾಕಿ ಎತ್ತಬೇಕು, ಅಷ್ಟು ಭಾರ. ಸುರುಳಿ ವೈರಿನ ತುದಿಯಲ್ಲಿ ಈಗಿನ ಯಾವ ಯಂತ್ರಕ್ಕೂ ಸೇರದ ದುಂಡನೆಯ ಪ್ಲಗ್ಗು. ಮದುವೆಗೆ ಮುಂಚೆ, ಮದುವೆಯಾದ ಮೇಲೂ ಸ್ವಲ್ಪ ಕಾಲ, ಅವಳು ಒಂದು ಸುದ್ದಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ವರದಿಗಾರರು ಎಲ್ಲೆಲ್ಲಿಂದಲೋ ಫೋನಿನಲ್ಲಿ ಕೂಗುತ್ತಿದ್ದರು. ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಇರುಕಿಕೊಂಡು ಅವಳು ಅದನ್ನೆಲ್ಲ ಹಾಗೆಹಾಗೇ ಬಡಿದು ಹಾಕುತ್ತಿದ್ದಳು. ಕಚೇರಿ ಮುಚ್ಚಿದ ದಿನ ಕೆಲವರು ಕುರ್ಚಿ ಒಯ್ದರು, ಕೆಲವರು ಫ್ಯಾನು ಒಯ್ದರು. ಇವಳು ಕೀಬೋರ್ಡ್ ತಂದಳು. ಅದು ಬೀರುವಿನ ತಲೆಯ ಮೇಲೆ ಕೂತದ್ದು ಕೂತೇ ಬಿಟ್ಟಿತು.

ಈಗ ಅದಕ್ಕೆ ಕೆಳಗಿಳಿಯುವ ಕಾಲ ಬಂದಿತ್ತು. ಕಿವಿ ಕೇಳದವರಿಗಾಗಿ ಸಭೆಗಳಲ್ಲಿ, ತರಗತಿಗಳಲ್ಲಿ ಆಡುವ ಮಾತನ್ನು ಆಡಿದ ವೇಗದಲ್ಲೇ ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ಒಂದು ಕೇಂದ್ರದವರು ಟೈಪ್ ಮಾಡುವವರನ್ನು ಹುಡುಕುತ್ತಿದ್ದರು. ಅವನ ಕ್ಲಿನಿಕ್ಕಿನ ಗೋಡೆಗೇ ಆ ಪ್ರಕಟಣೆ ಅಂಟಿಸಿದ್ದರು; ಮನೆಗೆ ಸುದ್ದಿ ತಂದವನೂ ಅವನೇ. ಅವಳು ಲ್ಯಾಪ್‌ಟಾಪಿನಲ್ಲಿ ಅಭ್ಯಾಸಕ್ಕೆ ಕೂತರೆ ಚಪ್ಪಟೆ ಕೀಗಳ ಮೇಲೆ ಬೆರಳುಗಳು ಒದ್ದೆ ನೆಲದ ಮೇಲೆ ನಡೆದ ಹಾಗೆ ಜಾರುತ್ತಿದ್ದವು. ಪರೀಕ್ಷೆಗೆ ತಮ್ಮದೇ ಕೀಬೋರ್ಡ್ ತರಬಹುದು ಎಂದು ಕೇಂದ್ರದವರು ಹೇಳಿದ ದಿನ ಅವಳು ಅವನೆದುರು ಬಂದು ನಿಂತಳು.

"ರೀ, ನನ್ನ ಹಳೇ ಕೀಬೋರ್ಡನ್ನ ಈಗಿನ ಕಂಪ್ಯೂಟರಿಗೆ ಸೇರೋ ಹಾಗೆ ಮಾಡಕ್ಕಾಗತ್ತಾ?"

ಅವಳು ತನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಗಿತ್ತು! ಅವನು ಒಳಗೊಳಗೇ ಉಬ್ಬಿಹೋದ. "ಅದೇನು ಮಹಾ" ಅಂದ. ಒಳಗಿನ ಹಳೆಯ ಚಿಪ್ಪು ಕಿತ್ತು, ಹೆಬ್ಬೆರಳಿನಷ್ಟು ಗಾತ್ರದ ಹೊಸ ಕಂಟ್ರೋಲರ್ ಕೂರಿಸಿ, ಕೀಗಳ ಸಾಲುಗಳಿಂದ ಅದಕ್ಕೆ ತಂತಿ ಎಳೆದು, ಹಿಂದಿನಿಂದ ಯುಎಸ್‌ಬಿ ವೈರು ಹೊರಗೆ ಬಿಟ್ಟರೆ ಮುಗಿಯಿತು. ಮುಗಿಯುತ್ತಿತ್ತು ಕೂಡ, ಈ ಡಯೋಡುಗಳು ಕಣ್ಣಿಗೆ ಬೀಳದೆ ಹೋಗಿದ್ದರೆ.

ಪಕ್ಕದಲ್ಲೇ ಅವಳು ಬಟಾಣಿ ಸುಲಿಯುತ್ತಾ ಕೂತಿದ್ದಳು. ಎದುರಿಗೆ ಅವನ ತಂಗಿ. ಹಿಂದಿನ ಬೀದಿಯಲ್ಲೇ ಅವಳ ಮನೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ದಿನವಿಡೀ ಕಲಿಯುವವರ ಮೇಲೆ ಕೂಗಿ ಕೂಗಿ, ಮನೆಯಲ್ಲೂ ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

"ಆಗೆಲ್ಲ ಇದರಲ್ಲಿ ಅಕ್ಷರ ತಪ್ಪಿ ಬೀಳ್ತಿತ್ತಾ?" ಅವನು ತಲೆಯೆತ್ತದೆ ಕೇಳಿದ.

"ಮೊದಮೊದಲು ಬೀಳ್ತಿತ್ತು" ಎಂದಳು ಹೆಂಡತಿ. "ಜೋರಾಗಿ ಹೊಡೆದ್ರೆ ನಾನು ಮುಟ್ಟದೇ ಇರೋ ಅಕ್ಷರ ಬಂದು ಕೂತಿರೋದು. ಕರೆಯದೇ ಬಂದ ನೆಂಟರ ಹಾಗೆ. ಆಮೇಲೆ ಬೀಗ ಬಂದು ಸರಿ ಮಾಡ್ದ."

"ಬೀಗನಾ? ಯಾವ ಕಡೆ ಬೀಗರು ಅತ್ತಿಗೆ? ಮಗಳೇ ಇಲ್ಲ, ಆಗ್ಲೇ ಬೀಗರು ಮಾಡ್ಕೊಂಡ್ರಾ?" ತಂಗಿ ಬಟಾಣಿ ಬಾಯಿಗೆ ಎಸೆದುಕೊಂಡಳು.

"ಥೂ ನಿನ್ನ! ನಮ್ಮ ಆಫೀಸಿನ ಮೆಕ್ಯಾನಿಕ್ಕು. ಬಾಯೇ ಬಿಡ್ತಿರಲಿಲ್ಲ, ಅದಕ್ಕೆ ಎಲ್ಲರೂ ಬೀಗ ಅಂತಿದ್ವಿ. ಒಂದಿನ ಸ್ಟೂಲ್ ತಂದು ನನ್ನ ಪಕ್ಕ ಹಾಕ್ಕೊಂಡು ಕೂತ. ಮಾರನೇ ದಿನಾನೂ ಕೂತ. ದಿನಾ ಕೂರ್ತಿದ್ದ. ನನಗೋ ನಾಚಿಕೆ. 'ಏನು ನೋಡ್ತಿದ್ದೀಯಾ?' ಅಂದ್ರೆ 'ಕೈ' ಅಂದ. ಅಷ್ಟೇ. ಒಂದು ಭಾನುವಾರ ಬಿಚ್ಚಿ ಏನೋ ಮಾಡಿದ್ದ. ಸೋಮವಾರದಿಂದ ಒಂದೇ ಒಂದು ಅಕ್ಷರ ತಪ್ಪಿಲ್ಲ ನೋಡು. ಏನು ಮಾಡ್ದೆ ಅಂದ್ರೆ, 'ಧೂಳಿತ್ತು, ಊದಿದೆ' ಅಂದ."

"ಇಷ್ಟು ದಿನ ಕೂತು ನೋಡಿ ಧೂಳು ಊದಿದನಾ? ಭಾರಿ ಉಸಿರು" ಎಂದಳು ತಂಗಿ.

ಇಬ್ಬರೂ ನಕ್ಕರು. ಅವನು ನಗಲಿಲ್ಲ. ಕೈಯಲ್ಲಿದ್ದ ಇಕ್ಕಳ ಟವೆಲಿನ ಮೇಲೆ ಇಳಿಯಿತು.

ಅವನಿಗೆ ಈಗ ಎಲ್ಲವೂ ತಿಳಿದುಹೋಗಿತ್ತು. ಇಂಥ ಕೀಬೋರ್ಡಿನ ಒಳಗೆ ತಂತಿಗಳು ಅಡ್ಡಕ್ಕೂ ಉದ್ದಕ್ಕೂ ಹರಿದಿರುತ್ತವೆ. ಅವು ಸಂಧಿಸುವಲ್ಲೆಲ್ಲ ಒಂದೊಂದು ಕೀ. ಚೌಕದ ಮೂರು ಮೂಲೆಗಳ ಕೀ ಒಟ್ಟಿಗೆ ಒತ್ತಿದರೆ ಕರೆಂಟು ಸುತ್ತಿಬಳಸಿ ನಾಲ್ಕನೇ ಮೂಲೆಗೂ ಹೋಗುತ್ತದೆ. ಯಾರೂ ಒತ್ತದ ಅಕ್ಷರ ಮೂಡುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಅಲ್ಲಿದ್ದರೆ ಆ ದಾರಿ ಮುಚ್ಚುತ್ತದೆ. ನಿಧಾನಕ್ಕೆ ಟೈಪ್ ಮಾಡುವವರಿಗೆ ಇದರ ಗೊಡವೆಯೇ ಇಲ್ಲ. ಒಂದು ಬೆರಳು ಏಳುವ ಮೊದಲೇ ಇನ್ನೆರಡು ಬೆರಳು ಇಳಿಯುವಂಥ ವೇಗದವರಿಗೆ ಮಾತ್ರ ಇದು ಕಾಟ. ಯಾವ ಬೆರಳು ತಡವಾಗಿ ಏಳುತ್ತದೆ, ಯಾವುದು ಆತುರಪಟ್ಟು ಇಳಿಯುತ್ತದೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ.

ಅಂದರೆ ಆ ಮನುಷ್ಯ ದಿನವೂ ಪಕ್ಕದಲ್ಲಿ ಕೂತು ಇವಳ ಬೆರಳುಗಳನ್ನು ಓದಿದ್ದ. ಇವಳ ಕೈ ಎಲ್ಲೆಲ್ಲಿ ಎಡವುತ್ತದೋ ಅಲ್ಲಲ್ಲಿ ಮಾತ್ರ ಡಯೋಡ್ ಹಾಕಿದ್ದ. ಈ ಕೀಬೋರ್ಡ್ ಬೇರೆ ಯಾರ ಕೈಗೂ ಸರಿಹೊಂದುವಂಥದ್ದಲ್ಲ. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ. ಮತ್ತೆ ಆ ಅಳತೆ ತೆಗೆದವನು, ಅವಳಿಗೂ ಹೇಳದೆ, ಧೂಳು ಅಂದುಬಿಟ್ಟಿದ್ದ.

ಅದೇ ಅವನನ್ನು ಕೊರೆಯತೊಡಗಿದ್ದು. ಹೇಳಿಕೊಂಡಿದ್ದರೆ ಅದೊಂದು ಉಪಕಾರವಾಗುತ್ತಿತ್ತು. ಅವಳೊಂದು ಥ್ಯಾಂಕ್ಸ್ ಹೇಳಿ ಮರೆಯುತ್ತಿದ್ದಳು. ಹೇಳದೆ ಇದ್ದದ್ದಕ್ಕೆ ಏನೆಂದು ಹೆಸರಿಡುವುದು? ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿಯೂ, ಅವಳ ಯಾವ ಬೆರಳು ತಡವಾಗಿ ಏಳುತ್ತದೆ ಎಂದು ಯಾರಾದರೂ ಕೇಳಿದ್ದರೆ ತಾನು ಏನು ಹೇಳುತ್ತಿದ್ದೆ? ಅಷ್ಟೇ ಅಲ್ಲ, ಇನ್ನೊಂದು ಸಣ್ಣ ವಿಷಯವೂ ಗಂಟಲಿನ ಮುಳ್ಳಾಗಿತ್ತು. ತನಗೆ ಅವಳು 'ನೀವು' ಅನ್ನುತ್ತಾಳೆ. ಬೀಗನಿಗೆ 'ಬಂದ, ಕೂತ, ಅಂದ'.

"ಅಣ್ಣನ ಮುಖ ನೋಡಿ ಅತ್ತಿಗೆ, ಸುಟ್ಟ ಬದನೆಕಾಯಿ ಆಗಿದೆ" ಎಂದಳು ತಂಗಿ. "ಏನೋ, ಬೆಸುಗೆ ಕೈಗೆ ತಾಗ್ತಾ?"

"ಇಲ್ಲ" ಎಂದ.

ಮಾರನೆಯ ದಿನ ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ ಊಟದ ಬಿಡುವಿನಲ್ಲಿ, ತನ್ನದೇ ಮೇಜಿನ ಮೇಲೆ ಅವನು ಆ ಡಯೋಡುಗಳನ್ನು ಒಂದೊಂದಾಗಿ ಕಿತ್ತ. ಬೆಸುಗೆ ಕರಗಿಸಿ, ಇಕ್ಕಳದಲ್ಲಿ ಎಳೆದು, ಮುಚ್ಚಳವೊಂದರಲ್ಲಿ ಹಾಕುತ್ತಾ ಹೋದ. ಕಡಿದಿದ್ದ ಗೆರೆಗಳನ್ನು ಮತ್ತೆ ಕೂಡಿಸಿದ. ಕಾರಣಗಳಿಗೇನೂ ಬರವಿರಲಿಲ್ಲ. ಹಳೆಯ ಭಾಗಗಳನ್ನು ನಂಬುವ ಹಾಗಿಲ್ಲ. ಅಲ್ಲೊಂದು ಇಲ್ಲೊಂದು ಇರುವುದಕ್ಕಿಂತ ಯಾವುದೂ ಇಲ್ಲದಿರುವುದು ಲೇಸು. ಹೊಸ ಕಂಟ್ರೋಲರಿನ ಪ್ರೋಗ್ರಾಮಿನಲ್ಲೇ ಇದಕ್ಕೆಲ್ಲ ಉಪಾಯವಿದೆ. ಮೂರು ಮೂಲೆ ಒಟ್ಟಿಗೆ ಒತ್ತಿ ಅನುಮಾನ ಬಂದ ತಕ್ಷಣ ಅದು ಯಾವ ಅಕ್ಷರವನ್ನೂ ಕೊಡದೆ ಸುಮ್ಮನಾಗುತ್ತದೆ. ಇವೆಲ್ಲ ನಿಜವೇ. ಆದರೆ ಬರೀ ನಿಜವಾಗಿದ್ದರೆ ಅವನು ತನಗೆ ತಾನೇ ಅಷ್ಟೊಂದು ಸಲ ಹೇಳಿಕೊಳ್ಳಬೇಕಾಗಿರಲಿಲ್ಲ.

ಹೊಸ ಕಂಟ್ರೋಲರ್ ಕೂರಿಸಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಂದೊಂದೇ ಕೀ ಒತ್ತಿ ನೋಡಿದ. ಒತ್ತಿದ್ದು ಒತ್ತಿದ ಹಾಗೇ ಬಂತು. ಪಕ್ಕದ ಮೇಜಿನ ಸಹಾಯಕಿ "ಅಬ್ಬಾ, ಏನ್ ಸದ್ದು ಸಾರ್, ಆಲಿಕಲ್ಲು ಬಿದ್ದ ಹಾಗೆ" ಎಂದಳು. ಅವನಿಗೆ ಹಗುರವಾಯಿತು. ಈಗ ಇದರೊಳಗೆ ಇರುವುದು ತನ್ನ ಕೈ ಮಾತ್ರ.

ಮನೆಯಲ್ಲಿ ಅವಳು ಕೀಬೋರ್ಡಿನ ಮೇಲೆ ಅಂಗೈ ಆಡಿಸಿ, ಹಳೆಯ ಗೆಳತಿ ಸಿಕ್ಕಿದಂತೆ ನಕ್ಕಳು. ಆಮೇಲೆ ಹೊಡೆಯಲು ಶುರುಮಾಡಿದಳು. ರೇಡಿಯೋದ ಮಾತಿನ ಹಿಂದೆಯೇ ಅವಳ ಬೆರಳು ಓಡಿತು. ಮೊದಲ ಸಾಲಿನಲ್ಲಿ ಎರಡು ಅಕ್ಷರ ಕಾಣೆ. ಎರಡನೆಯದರಲ್ಲಿ ಇನ್ನೂ ಹೆಚ್ಚು. ಅವಳು ನಿಲ್ಲಿಸಿ, ಬೆರಳು ಮಡಚಿ ಬಿಡಿಸಿ, ಮತ್ತೆ ಹೊಡೆದಳು. ಮತ್ತೂ ಹಾಗೇ.

"ಕೀಬೋರ್ಡಲ್ಲಿ ಏನಾದ್ರೂ…?" ಎಂದಳು.

"ಒಂದೊಂದು ಕೀನೂ ಒತ್ತಿ ನೋಡಿದ್ದೀನಿ. ಎಲ್ಲಾ ಸರಿಯಾಗಿದೆ" ಅಂದ. ಆ ಮಾತಿನಲ್ಲೂ ಸುಳ್ಳಿರಲಿಲ್ಲ.

ಅವಳು ಅವನನ್ನು ನಂಬಿದಳು. ಅಲ್ಲಿಂದಾಚೆಗೆ ಕೀಬೋರ್ಡಿನ ಸುದ್ದಿಯನ್ನೇ ಎತ್ತಲಿಲ್ಲ. ತನ್ನ ಕೈಯನ್ನೇ ಅನುಮಾನಿಸತೊಡಗಿದಳು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುವಳು. ಪಾತ್ರೆ ತೊಳೆಯುತ್ತಾ ನಿಂತಲ್ಲೇ ಬೆರಳುಗಳನ್ನು ತಿರುಗಿಸಿ ನೋಡುವಳು. ನಿಧಾನಕ್ಕೆ ಹೊಡೆದರೆ ಎಲ್ಲ ಅಕ್ಷರ ಬರುತ್ತಿದ್ದವು, ವೇಗ ಹಿಡಿದರೆ ನುಂಗಿಹೋಗುತ್ತಿದ್ದವು. ಅದಕ್ಕಿಂತ ಬೇರೆ ಸಾಕ್ಷಿ ಅವಳಿಗೆ ಬೇಕಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಅವನು ಕೇಳುತ್ತಿದ್ದ: ಆಲಿಕಲ್ಲಿನ ಸದ್ದು ಜೋರಾಗಿ ಏಳುವುದು, ಥಟ್ಟನೆ ನಿಲ್ಲುವುದು, ಅಳಿಸುವ ಕೀಯ ಟಕ್ ಟಕ್, ಮತ್ತೆ ಮೌನ. ದಿನವೂ ಜನರ ಕಿವಿ ಸರಿಮಾಡುವವನಿಗೆ ಆ ಮೌನ ಏನು ಹೇಳುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವನು ಕೂತೇ ಇದ್ದ. ಎದ್ದು ಹೋಗಿ ಹೇಳುವುದೆಂದರೆ ಬೀಗನ ಹೆಸರು ಎತ್ತಬೇಕು. 'ನಿನ್ನ ಕೈ ಸರಿಯಾಗಿಯೇ ಇದೆ, ಅವನು ಹಾಕಿದ್ದನ್ನು ನಾನು ಕಿತ್ತೆ' ಅನ್ನಬೇಕು. ಯಾಕೆ ಕಿತ್ತಿರಿ ಅಂದರೆ?

ಮುಂದಿನ ಭಾನುವಾರ ತಂಗಿ ಬಂದಾಗ ಹೆಂಡತಿ ಕೀಬೋರ್ಡಿಗೆ ಟವೆಲ್ ಹೊದಿಸಿಟ್ಟಿದ್ದಳು.

"ಏನತ್ತಿಗೆ, ಮಲಗಿಸಿಬಿಟ್ರಾ?"

"ನನ್ನ ಕೈ ಹೋಯ್ತು ಕಣೇ" ಎಂದಳು. ಸಲೀಸಾಗಿಯೇ ಹೇಳಿದಳು, ಹಾಲು ಮುಗಿದಿದೆ ಎನ್ನುವಂತೆ. "ಮೊದಲು ಈ ಕೈ ಹೇಗೆ ಓಡ್ತಿತ್ತು! ಈಗ ಅರ್ಧ ಅಕ್ಷರ ಬೀಳೋದೇ ಇಲ್ಲ. ಕಿವಿ ಕೇಳದವರು ಪರದೆ ನೋಡ್ಕೊಂಡು ಕೂತಿರ್ತಾರೆ, ಅವರ ಮುಂದೆ ಅರ್ಧಂಬರ್ಧ ಮಾತು ಹಾಕೋದಾ? ಪಾಪ ಅಲ್ವಾ? ನಾಳೆ ಫೋನ್ ಮಾಡಿ ಪರೀಕ್ಷೆಗೆ ಬರಲ್ಲ ಅಂತೀನಿ."

ತಂಗಿಗೂ ತಮಾಷೆ ಹೊಳೆಯಲಿಲ್ಲ. ಅವಳು ಅಣ್ಣನ ಕಡೆ ನೋಡಿದಳು.

ಹೊಟ್ಟೆಯೊಳಗಿನ ಉರಿ ಬೀಗನನ್ನು ಸುಡುತ್ತಿದೆ ಎಂದೇ ಅವನು ಅಷ್ಟು ದಿನ ಅಂದುಕೊಂಡಿದ್ದ. ಆ ಬೀಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಸುಟ್ಟದ್ದು ಇವಳನ್ನು.

"ಫೋನ್ ಗೀನ್ ಮಾಡಬೇಡ" ಎಂದ. "ಒಂದ್ಸಲ ನನ್ನೆದುರು ಹೊಡಿ. ನೋಡ್ತೀನಿ."

ಅಡುಗೆಮನೆಯಿಂದ ಸ್ಟೂಲ್ ತಂದು ಅವಳ ಪಕ್ಕ ಹಾಕಿಕೊಂಡು ಕೂತ. ಕೂತ ಮೇಲೆ ತಾನು ಕೂತದ್ದು ಯಾರ ಹಾಗೆ ಎಂಬುದು ನೆನಪಾಗಿ ಮೈ ಬಿಸಿಯಾಯಿತು. ಏಳಲಿಲ್ಲ. ತಂಗಿ ಪೇಪರ್ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಮಂತ್ರಿಯೊಬ್ಬರ ಭಾಷಣ ಓದುತ್ತಾ ನಡುನಡುವೆ "ಇದು ಸುಳ್ಳು" "ಇದೂ ಸುಳ್ಳು" ಎಂದು ತನ್ನದನ್ನೂ ಸೇರಿಸುತ್ತಿದ್ದಳು. ಹೆಂಡತಿ ಅದನ್ನೂ ಬಿಡದೆ ಹೊಡೆದು ಹಾಕುತ್ತಿದ್ದಳು.

ಅವನು ಬೆರಳುಗಳ ಮೇಲೇ ಕಣ್ಣಿಟ್ಟು ನೋಡಿದ. ಮೊದಲಿಗೆ ಬರೀ ಗೊಂದಲ. ಹತ್ತು ಬೆರಳೂ ಒಟ್ಟಿಗೇ ಕುಣಿದಂತೆ. ಪೇಪರಿನ ಪುಟ ತಿರುಗಿತು. ಮೆಲ್ಲಗೆ ಒಂದೊಂದೇ ಬೆರಳಿನ ಗುಣ ಕಾಣತೊಡಗಿತು. ಎಡಗೈಯ ಉಂಗುರ ಬೆರಳು ಸೋಮಾರಿ. ಕೂತ ಜಾಗದಿಂದ ಏಳಲು ಮನಸ್ಸೇ ಬಾರದವರ ಹಾಗೆ ಕೀಯ ಮೇಲೆ ಇನ್ನೊಂದು ಗಳಿಗೆ ಉಳಿಯುತ್ತದೆ. ಅಷ್ಟರಲ್ಲಿ ಪಕ್ಕದ ಎರಡು ಬೆರಳು ಇಳಿದೇಬಿಡುತ್ತವೆ. ಬಲಗೈಯ ಕಿರುಬೆರಳು ಗಾಳಿಯಲ್ಲೇ ಇರುತ್ತದೆ. ವಾಕ್ಯ ಮುಗಿಯುವ ಮೊದಲು ಅವಳು ಕೆಳತುಟಿ ಕಚ್ಚುತ್ತಾಳೆ. ಇದು ಯಾವ ತಂತಿಗೂ ಸಂಬಂಧಪಟ್ಟದ್ದಲ್ಲ, ಆದರೂ ಕಂಡಿತು. ಬೀಗನಿಗೂ ಕಂಡಿರಬೇಕು.

ಕಿತ್ತ ಜಾಗಗಳು ಅವನಿಗೆ ಬಾಯಿಪಾಠವಾಗಿದ್ದವು. ಎಡಗಡೆಯ ಆ ಒತ್ತೊತ್ತು ಡಯೋಡುಗಳೆಲ್ಲ ಸೋಮಾರಿ ಬೆರಳಿನ ಸುತ್ತಲಿನವು, ಒಂದಕ್ಕೊಂದು ತಾಳೆಯಾದವು. ಬಲಗಡೆಯದೊಂದು ಮಾತ್ರ ತಾಳೆಯಾಗಲಿಲ್ಲ. ಆ ಕೀಯನ್ನು ಅವಳು ಈಗ ತೋರುಬೆರಳಿನಿಂದ ಒತ್ತುತ್ತಲೇ ಇರಲಿಲ್ಲ. ನಡುಬೆರಳು ಚಾಚಿ ಒತ್ತುತ್ತಿದ್ದಳು. ಅದರಿಂದಾಗಿ ಬೇರೊಂದು ಕಡೆ ಹೊಸ ತೊಡಕು ಹುಟ್ಟಿಕೊಂಡಿತ್ತು.

"ಆ ಬೆರಳು ಯಾಕೆ ಬಳಸಲ್ಲ?" ಎಂದ.

"ಯಾವುದು?" ಅವಳು ತನ್ನ ಬಲಗೈ ತೋರುಬೆರಳನ್ನೇ ಹೊಸದಾಗಿ ನೋಡುವಂತೆ ನೋಡಿದಳು. ತುದಿಯಲ್ಲಿ ಬಿಳಿಯ ಗೆರೆ. "ಓ, ಇದಾ? ಡಬ್ಬಿ ಮುಚ್ಚಳ ಕೊಯ್ದಿತ್ತಲ್ಲ. ನೀವೇ ಬಟ್ಟೆ ಸುತ್ತಿದ್ರಿ, ಮರೆತ್ರಾ? ತುದಿ ಈಗಲೂ ಜೋಮು."

ಮರೆತಿದ್ದ. ಈಗ ನೆನಪಾಯಿತು: ಕಚೇರಿ ಮುಚ್ಚಿದ ಮಾರನೆಯ ವರ್ಷ, ರಕ್ತ ನಿಲ್ಲದೆ ಅವನು ಆ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದ. ಇದು ಬೀಗನಿಗೆ ಗೊತ್ತಿಲ್ಲ. ಗೊತ್ತಾಗಲು ಸಾಧ್ಯವೇ ಇಲ್ಲ. ಸ್ಟೂಲಿನ ಮೇಲೆ ಕೂತಿದ್ದವನಿಗೆ ಎಷ್ಟೋ ದಿನಗಳ ಮೇಲೆ ಸಣ್ಣದೊಂದು ಗೆಲುವು ಸಿಕ್ಕಂತಾಗಿ, ಅದರ ಬೆನ್ನಿಗೇ ಇಂಥದ್ದರಲ್ಲೂ ಗೆಲುವು ಎಣಿಸುತ್ತಿರುವ ತನ್ನ ಬಗ್ಗೆ ಹೇಸಿಗೆಯಾಯಿತು.

"ನಾಳೆ ಕ್ಲಿನಿಕ್ಕಿಗೆ ಒಯ್ತೀನಿ ಇದನ್ನ" ಎಂದ.

"ಎಲ್ಲಾ ಸರಿಯಾಗಿದೆ ಅಂದ್ರಿ?"

"ಇನ್ನೊಂದ್ಸಲ ನೋಡ್ತೀನಿ."

ಮಧ್ಯಾಹ್ನದ ಬಿಡುವಿನಲ್ಲಿ ಮುಚ್ಚಳದಲ್ಲಿದ್ದ ಡಯೋಡುಗಳನ್ನು ಹೊರಗೆ ತೆಗೆದ. ಎಸೆದಿರಲಿಲ್ಲ, ಯಾಕೆ ಎಸೆದಿರಲಿಲ್ಲ ಎಂದು ಕೇಳಿಕೊಳ್ಳಲೂ ಹೋಗಲಿಲ್ಲ. ಎಲ್ಲ ಕೀಗೂ ಹೊಸ ಡಯೋಡ್ ಹಾಕಿಬಿಟ್ಟರೆ? ಬೀಗನದಕ್ಕಿಂತ ದೊಡ್ಡ ಕೆಲಸವಾಗುತ್ತದೆ, ಅವನ ಗುರುತೂ ಉಳಿಯುವುದಿಲ್ಲ. ಬ್ಲೇಡ್ ಕೈಗೆ ತೆಗೆದುಕೊಂಡ. ಆಮೇಲೆ ತಾನು ಕೂಡಿಸಿದ್ದ ಗೆರೆಗಳನ್ನು ತಾನೇ ಕಡಿದ. ಹಳೆಯ ಡಯೋಡುಗಳನ್ನು ಹಳೆಯ ಜಾಗಗಳಲ್ಲೇ ಕೂರಿಸಿ, ಬಟ್ಟೆಯ ಕೊಳವೆಯನ್ನೂ ತೊಡಿಸಿದ. ಬಲಗಡೆಯ ಆ ಒಂದನ್ನು ಮಾತ್ರ ಹಾಕಲಿಲ್ಲ. ಅದಕ್ಕೆ ಬದಲು, ನಡುಬೆರಳು ಚಾಚುವ ಕಡೆ ತನ್ನದೊಂದು ಹೊಸದು ಹಾಕಿದ. ಬೆಸುಗೆ ದುಂಡಗೇ ಬಂತು. ಬೀಗನದರಷ್ಟು ದುಂಡಗೆ ಬಂತೇ ಎಂದು ಭೂತಗನ್ನಡಿ ಹಿಡಿದು ನೋಡಿದ. ಬಂದಿರಲಿಲ್ಲ. ಪ್ರೋಗ್ರಾಮಿನಲ್ಲಿ ಆ ಅನುಮಾನದ ಸಾಲನ್ನು ಅಳಿಸಿದ. ಕೀಬೋರ್ಡನ್ನು ಮುಚ್ಚಿ ತಿರುಪು ಬಿಗಿದ.

ಪರೀಕ್ಷೆಯ ದಿನ ಅವಳು ಅದನ್ನು ಕೈಚೀಲದಲ್ಲಿ ಹಾಕಿ, ಮಗುವನ್ನು ಎತ್ತಿದ ಹಾಗೆ ಎದೆಗೆ ಅವಚಿಕೊಂಡು ಹೋದಳು. ಸಂಜೆ ಅವಳು ಬರುವ ಹೊತ್ತಿಗೆ ಅವನೂ ತಂಗಿಯೂ ಬಾಗಿಲಲ್ಲೇ ನಿಂತಿದ್ದರು. ಮುಖ ನೋಡಿದರೆ ಸಾಕಿತ್ತು; ಕೇಳಬೇಕಾಗಿರಲಿಲ್ಲ.

"ಓಡ್ತು ರೀ! ಒಂದು ಅಕ್ಷರಾನೂ ತಪ್ಪಲಿಲ್ಲ. ಆಫೀಸಲ್ಲಿ ಓಡ್ತಿತ್ತಲ್ಲ, ಥೇಟ್ ಹಾಗೇ!" ಎಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. "ಮುಂದಿನ ತಿಂಗಳಿಂದ ಬನ್ನಿ ಅಂದ್ರು. ಅಲ್ಲಿ ಒಬ್ಬರು ವಯಸ್ಸಾದವರು ಪರದೆ ಮೇಲೆ ಓದಿ ಓದಿ ನಗ್ತಿದ್ರು, ಭಾಷಣದವರ ತಮಾಷೆಗೆ. ಎಲ್ಲರ ಜೊತೆಗೇ ನಕ್ರು ರೀ, ಒಂಚೂರೂ ಹಿಂದೆ ಬೀಳ್ದೆ."

ಥೇಟ್ ಹಾಗೇ. ಆ ಮಾತು ಅವನಿಗೆ ಹಿತವಾಗಿಯೂ ನಾಟಿತು, ಮುಳ್ಳಾಗಿಯೂ ನಾಟಿತು.

"ನನ್ನ ಕೈಯೇ ಹೋಯ್ತು ಅಂದ್ಕೊಂಡಿದ್ದೆ. ಏನಿತ್ತು ರೀ ಒಳಗೆ?"

ಹೇಳಲು ಬಾಯಿ ತೆರೆದ. ತಂಗಿಯೂ ನೋಡುತ್ತಿದ್ದಳು. ಹೆಂಡತಿಯ ಮುಖದಲ್ಲಿ ಅಷ್ಟು ಬೆಳಕಿತ್ತು. ಈ ನಿಜವನ್ನೂ ಕೊಟ್ಟರೆ ಇನ್ನಷ್ಟು ಬೆಳಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅದು ತನ್ನ ಕಡೆ ತಿರುಗಿದ ಬೆಳಕಾಗಿರುವುದಿಲ್ಲ.

"ಧೂಳು" ಎಂದ. "ಬರೀ ಧೂಳು."

ಅವಳು ಜೋರಾಗಿ ನಕ್ಕುಬಿಟ್ಟಳು. "ಬೀಗನೂ ಹೀಗೇ ಅಂದಿದ್ದ! ನೀವಿಬ್ಬರೂ ಒಂದೇ ಶಾಲೆಲಿ ಕಲಿತ್ರಾ?" ನಗು ನಿಂತ ಮೇಲೆ, ಚೀಲದಿಂದ ಕೀಬೋರ್ಡ್ ತೆಗೆಯುತ್ತಾ, ಸ್ವಲ್ಪ ಯೋಚಿಸಿದವಳ ಹಾಗೆ, "ಎಲ್ಲಿದ್ದಾನೋ ಏನೋ. ಸಿಕ್ರೆ ಒಂದ್ಸಲ ಕೇಳಬೇಕು, ನಿಜವಾಗ್ಲೂ ಬರೀ ಧೂಳೇನಾ ಅಂತ" ಎಂದಳು.

ಅವನು ಬಗ್ಗಿ ವೈರನ್ನು ಸುತ್ತತೊಡಗಿದ.

ಅದು ಧೂಳಾಗಿರಲಿಲ್ಲ, ಆ ಮನುಷ್ಯ ಅವಳ ಬೆರಳುಗಳನ್ನು ಒಂದೊಂದಾಗಿ ಅರಿತಿದ್ದ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.